ಮೂಗಿಗಿಂತ ಮೂಗುತಿ ಭಾರ: ಇಂಗ್ಲೆಂಡಲ್ಲಿ ಕ್ಯಾರವಾನ್ ಸಾಕೋ ಲೆಕ್ಕ

2025ರಲ್ಲಿ ನಮ್ಮ ಕ್ಯಾರವಾನ್ ನಿಲ್ಲಿಸೋಕೆ ಅಂತಲೇ ನಾನು ಕೊಟ್ಟಿದ್ದು 660 ಪೌಂಡ್. ಕವೆಂಟ್ರಿ ಹೊರಗಡೆ ಒಂದು ಫಾರ್ಮ್ ಇದೆ, ಅದರ ಹಿಂದೆ ಜಲ್ಲಿ ಹಾಕಿದ ದೊಡ್ಡ ಅಂಗಳ, ಸುತ್ತ ಮುಳ್ಳುತಂತಿ, ಗೇಟಿಗೆ ನಂಬರ್ ಲಾಕ್, ಒಳಗೆ ಸಾಲಾಗಿ ಒಂದಿನ್ನೂರು ಬಿಳೀ ಡಬ್ಬಿಗಳು, ಅದರಲ್ಲಿ ನಮ್ಮದೂ ಒಂದು. ಎಲ್ಲಿಗೂ ಹೋಗದೆ, ಯಾರೂ ಅದರಲ್ಲಿ ಮಲಗದೆ ಸುಮ್ನೆ ನಿಂತ್ಕೊಳ್ಳೋಕೆ 660. 2021ರಲ್ಲಿ ಇದೇ ಜಾಗಕ್ಕೆ 420 ಕೊಟ್ಟಿದ್ದೆ. ಹೋದ ವಾರ ರಾತ್ರಿ ಮಗಳು ಮಲಗಿದ ಮೇಲೆ ಕೂತು ವರ್ಷದ ಬಿಲ್‌ಗಳನ್ನೆಲ್ಲ ಎಕ್ಸೆಲ್‌ಗೆ ಹಾಕ್ದೆ, ಹಾಕಬಾರದಿತ್ತು, ಆದ್ರೆ ಹಾಕ್ದೆ.

ಊರಲ್ಲಿರೋರಿಗೆ ಒಂದ್ಸಲ ಹೇಳಿಬಿಡ್ತೀನಿ. ಕ್ಯಾರವಾನ್ ಅಂದ್ರೆ ಅಲ್ಲಿ ಈಗ ಶೂಟಿಂಗ್‌ನಲ್ಲಿ ಹೀರೋ ಕೂರೋ ವ್ಯಾನ್ ನೆನಪಾಗತ್ತೆ. ಇಲ್ಲಿ ಟೂರಿಂಗ್ ಕ್ಯಾರವಾನ್ ಅಂದ್ರೆ ಇಂಜಿನ್ ಇಲ್ಲದ, ಕಾರಿನ ಹಿಂದೆ ಕೊಂಡಿ ಹಾಕಿ ಎಳ್ಕೊಂಡು ಹೋಗೋ ಎರಡು ಚಕ್ರದ ಮನೆ. ಮಂಚ, ಗ್ಯಾಸ್ ಒಲೆ, ಫ್ರಿಜ್, ಹೀಟರ್, ಪುಟ್ಟ ಬಾತ್‌ರೂಮ್ ಎಲ್ಲ ಇರತ್ತೆ. ಇಂಜಿನ್ ಇರೋದು ಮೋಟಾರ್‌ಹೋಮ್, ಕಡಲತೀರದ ಪಾರ್ಕಲ್ಲಿ ವರ್ಷವಿಡೀ ಕದಲದೆ ಕೂತಿರೋದು ಸ್ಟ್ಯಾಟಿಕ್, ಅವು ಬೇರೆ ಕತೆ. ಮೊದಲನೇ ಸಲ ನಮ್ಮಮ್ಮ ಬಂದಾಗ ಇದನ್ನ ನೋಡಿ "ಇದೇನೋ, ಮನೇನೇ ಕಟ್ಕೊಂಡು ಎಳೀತೀಯಾ, ಬಸವನಹುಳು ಥರ?" ಅಂದಿದ್ರು. ಆಮೇಲೆ ಅವರಷ್ಟು ಇದನ್ನ ಇಷ್ಟಪಟ್ಟೋರು ಯಾರೂ ಇಲ್ಲ, ಯಾಕಂದ್ರೆ ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬರೋ ಅಪ್ಪಟ ಸಸ್ಯಾಹಾರಿ ಅಮ್ಮಂದಿರಿಗೆ ವೇಲ್ಸ್‌ನ ಹಳ್ಳೀಲಿ ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಸ್ವಂತ ಟಾಯ್ಲೆಟ್ಟು ಇನ್ನೆಲ್ಲಿ ಸಿಗತ್ತೆ ಹೇಳಿ. ಒಗ್ಗರಣೆ ಮಾತ್ರ ಒಳಗೆ ಹಾಕೋ ಹಾಗಿಲ್ಲ, ಸ್ಮೋಕ್ ಅಲಾರಂ ಬಡ್ಕೊಳತ್ತೆ, ಅದಕ್ಕೇ ಹೊರಗಡೆ ಆನಿಂಗ್ ಅಂತ ಟೆಂಟ್ ಥರದ್ದು ಕಟ್ಕೊಂಡು ಅಲ್ಲೊಂದು ಪುಟ್ಟ ಸ್ಟೌವ್.

ಕ್ಯಾರವಾನ್ ತಗೊಳೋಕೆ ಎಲ್ಲರೂ ಹೇಳೋ ಕಾರಣ ಒಂದೇ, ಚೀಪ್ ಹಾಲಿಡೇ. ಹೋಟೆಲ್ ಬೇಡ, ಫ್ಲೈಟ್ ಬೇಡ, ಹೊರಗೆ ತಿನ್ನೋದು ಬೇಡ. ಈ ಮಾತು ಒಂದು ಕಾಲಕ್ಕೆ ನಿಜಾನೂ ಆಗಿತ್ತು. ಶುರುವಾಗಿದ್ದೇನೋ ಸಾಹುಕಾರರ ಶೋಕಿಯಾಗೇ, 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಅನ್ನೋ ಡಾಕ್ಟ್ರು ಬ್ರಿಸ್ಟಲ್‌ನಲ್ಲಿ ‘ವಾಂಡರರ್’ ಅಂತ ಕುದುರೆ ಎಳೆಯೋ ಗಾಡಿ ಕಟ್ಟಿಸ್ಕೊಂಡು ಊರೂರು ತಿರುಗಿದ್ರು, 1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ತು. ಆದ್ರೆ ಎರಡನೇ ಮಹಾಯುದ್ಧ ಆದ್ಮೇಲೆ ಜನಸಾಮಾನ್ಯರ ಕೈಗೆ ಕಾರು ಬಂದ ಹಾಗೆ ಇದು ಫ್ಯಾಕ್ಟರಿ ಕೆಲಸಗಾರ, ಟೀಚರ್, ನರ್ಸ್ ಫ್ಯಾಮಿಲಿಗಳ ರಜೆ ಆಯ್ತು. ಇವತ್ತಿಗೂ ಸ್ವಿಫ್ಟ್, ಕೋಚ್‌ಮನ್ ಗಾಡಿಗಳು ಹಲ್ ಊರಿನ ಸುತ್ತಮುತ್ತಲೇ ತಯಾರಾಗೋದು, ಬೈಲಿ ಬ್ರಿಸ್ಟಲ್‌ನಲ್ಲಿ.

ನಾನು ಹೇಳೋಕೆ ಹೊರಟಿರೋದು ಏನಂದ್ರೆ, ಬೆಲೆ ಏರಿದೆ ಅನ್ನೋದು ಅರ್ಧ ವಿಷಯ ಅಷ್ಟೇ. ಇಲ್ಲಿ ಯಾವುದು ಏರಿಲ್ಲ? 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ 11.1% ಮುಟ್ಟಿತ್ತು, ಹಾಲು ಬ್ರೆಡ್ಡು ಎಲ್ಲ ಏರಿತು. ಕ್ಯಾರವಾನ್ ವಿಷಯದಲ್ಲಿ ಕೆಟ್ಟಿದ್ದು ಏನಂದ್ರೆ, ಓಡಾಡಿದ್ರೆ ಆಗೋ ಖರ್ಚಿಗಿಂತ ಓಡಾಡದೇ ಇದ್ರೂ ಆಗೋ ಖರ್ಚು ಜಾಸ್ತಿ ಉಬ್ಬಿದೆ. ಹೋಟೆಲ್ ದುಬಾರಿ ಆದ್ರೆ ಒಂದು ವರ್ಷ ಹೋಗ್ಬೇಡಿ, ಮುಗೀತು. ಇದು ಹಾಗಲ್ಲ, ಹಸು ಸಾಕಿದ ಹಾಗೆ, ಹಾಲು ಕೊಟ್ರೂ ಕೊಡದೇ ಇದ್ರೂ ಹುಲ್ಲು ಹಾಕ್ಲೇಬೇಕು.

ನನ್ನ ಲೆಕ್ಕಾನೇ ಬಿಚ್ಚಿಡ್ತೀನಿ. 2021ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಸಡಿಲಾಗಿ ಇಂಗ್ಲೆಂಡಿನಲ್ಲಿ ಕ್ಯಾರವಾನ್ ನಿಲ್ಲಿಸಿ ತಂಗೋ ಸೈಟ್‌ಗಳು ತೆರೆದ ಅದೇ ತಿಂಗಳು, ಎಂಟು ವರ್ಷ ಹಳೇ ನಾಲ್ಕು ಜನರ ಕ್ಯಾರವಾನ್‌ಗೆ 11,500 ಪೌಂಡ್ ಕೊಟ್ಟೆ. ಈಗ ಮಾರಿದ್ರೆ 7,000 ಬರಬಹುದು. ಅಂದ್ರೆ ನಾಲ್ಕೂವರೆ ವರ್ಷಕ್ಕೆ 4,500 ಕರಗಿದೆ, ವರ್ಷಕ್ಕೆ ಸಾವಿರ. ಸ್ಟೋರೇಜ್ 660. ಇನ್ಶೂರೆನ್ಸ್ 265, ಮೊದಲು 190 ಇತ್ತು. ವರ್ಷಕ್ಕೊಂದು ಸರ್ವಿಸ್ 320, ಮೊದಲು 210. ಕ್ಲಬ್ ಸದಸ್ಯತ್ವ ಸುಮಾರು 60. ಗ್ಯಾಸು, ಟಾಯ್ಲೆಟ್ ಕೆಮಿಕಲ್, ಬಲ್ಬು ಬ್ಯಾಟರಿ ಚಿಲ್ರೆ ರಿಪೇರಿ 150. ಒಟ್ಟು 2,455. ಇದರಲ್ಲಿ ಪಿಚ್ ಬಾಡಿಗೆ, ಅಂದ್ರೆ ಸೈಟಲ್ಲಿ ಕ್ಯಾರವಾನ್ ನಿಲ್ಲಿಸೋ ಜಾಗದ ಬಾಡಿಗೆ ಇಲ್ಲ, ಡೀಸೆಲ್ ಇಲ್ಲ. 2025ರಲ್ಲಿ ನಾವು ಅದರಲ್ಲಿ ಮಲಗಿದ್ದು 19 ರಾತ್ರಿ. ಭಾಗಿಸಿ ನೋಡಿ, ಒಂದು ರಾತ್ರಿಗೆ 129 ಪೌಂಡ್. ಅದರ ಮೇಲೆ ಪಿಚ್‌ಗೆ ಸರಾಸರಿ 38. ನಮ್ಮದೇ ಮಂಚ, ನಮ್ಮದೇ ಬೆಡ್‌ಶೀಟು, ನಾವೇ ಪಾತ್ರೆ ತೊಳೆದು, ನಾವೇ ಟಾಯ್ಲೆಟ್ ಕೆಳಗಿನ ಡಬ್ಬಿ, ಕ್ಯಾಸೆಟ್ ಅಂತಾರೆ, ಅದನ್ನ ಹೊತ್ಕೊಂಡು ಹೋಗಿ ಖಾಲಿ ಮಾಡಿ, ರಾತ್ರಿಗೆ 167 ಪೌಂಡ್!

ಇದೇ ಲೆಕ್ಕ 2021ಕ್ಕೆ ಮಾಡಿದ್ರೆ ನಗು ಬರತ್ತೆ. ಆ ವರ್ಷ ಗಾಡಿ ಬೆಲೆ ಕರಗಲೇ ಇಲ್ಲ, ಆರು ತಿಂಗಳು ಬಳಸಿದ ಮೇಲೂ ಕೊಂಡ ರೇಟಿಗೇ ವಾಪಸ್ ತಗೋತೀನಿ ಅಂತ ಒಬ್ಬ ಡೀಲರ್ ಹೇಳಿದ್ದ. ಉಳಿದಿದ್ದೆಲ್ಲ ಸೇರಿ 975. ಇಂಡಿಯಾಗೆ ಹೋಗೋ ಹಾಗಿರಲಿಲ್ಲ, ಇದ್ದ ರಜೆನೆಲ್ಲ ಇಲ್ಲೇ ಸುರಿದು 34 ರಾತ್ರಿ ಕಳೆದ್ವಿ. ರಾತ್ರಿಗೆ 29 ಪೌಂಡ್ ಬಿತ್ತು. ಆಹಾ ಎಂಥ ಬುದ್ಧಿವಂತಿಕೆ ಅಂತ ನಮ್ಮ ಬೆನ್ನು ನಾವೇ ತಟ್ಕೊಂಡಿದ್ವಿ.

ಬುದ್ಧಿವಂತಿಕೆ ಅಲ್ಲ, ಆ ವರ್ಷಾನೇ ಹಾಗಿತ್ತು. ನನ್ನ ಥರ ಕೋವಿಡ್ ಟೈಮಲ್ಲಿ ಕ್ಯಾರವಾನ್ ತಗೊಂಡ ಸುಮಾರು ಜನಕ್ಕೆ ಇದು ಆಗ ಗೊತ್ತಾಗಲಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ದರ 0.1% ಇತ್ತು, ಸಾಲ ಕೇಳಿದ್ರೆ ಸಿಗೋದು. ಹೊರದೇಶಕ್ಕೆ ಹೋಗೋದು ತಲೆನೋವು, ಟೆಸ್ಟು ಕ್ವಾರಂಟೈನು. ಹಾಲಿಡೇ ವಸತಿ ಮೇಲಿನ ವ್ಯಾಟ್‌ನ ಸರ್ಕಾರ 2020ರ ಜುಲೈ 15ರಿಂದ 20% ಇಂದ 5%ಗೆ ಇಳಿಸಿತ್ತು, ಪಿಚ್ ಬಾಡಿಗೆಗೂ ಅದು ಅನ್ವಯ ಆಗ್ತಿತ್ತು. 2021ರ ಅಕ್ಟೋಬರ್‌ನಿಂದ ಅದು 12.5% ಆಯ್ತು, 2022ರ ಏಪ್ರಿಲ್‌ನಿಂದ ಮತ್ತೆ 20%. ಜೊತೆಗೆ ಲೈಸೆನ್ಸ್ ರೂಲ್. 1997ರ ಜನವರಿ ನಂತರ ಕಾರು ಟೆಸ್ಟ್ ಪಾಸಾದೋರು ಭಾರದ ಟ್ರೇಲರ್ ಎಳೀಬೇಕಂದ್ರೆ ಬೇರೆ ಟೆಸ್ಟ್ ಕೊಡಬೇಕಿತ್ತು, ಕಾರು ಮತ್ತು ಟ್ರೇಲರ್ ಎರಡರ ಅನುಮತಿಸಿದ ಗರಿಷ್ಠ ತೂಕ ಸೇರಿ 3,500 ಕೆಜಿ ದಾಟಿದ್ರೆ. ನಾನು 1,250 ಕೆಜಿಯ ಚಿಕ್ಕ ಗಾಡಿ ತಗೊಂಡಿದ್ದೇ ಆ ಟೆಸ್ಟ್ ತಪ್ಪಿಸ್ಕೊಳ್ಳೋಕೆ. 2021ರ ಡಿಸೆಂಬರ್ 16ಕ್ಕೆ ಆ ಟೆಸ್ಟನ್ನೇ ತೆಗೆದುಹಾಕಿದ್ರು, ಸಾಮಾನ್ಯ ಲೈಸೆನ್ಸ್ ಇದ್ರೆ 3,500 ಕೆಜಿ ತನಕ ಎಳೀಬಹುದು ಅಂತ. ಹೀಗೆ ಕೊಳ್ಳೋರ ಬಾಗಿಲೆಲ್ಲ ಒಟ್ಟಿಗೆ ತೆರೆದುಕೊಳ್ತು. ಆಮೇಲೆ 2023ರ ಆಗಸ್ಟ್ ಹೊತ್ತಿಗೆ ಬಡ್ಡಿ ದರ 5.25%. ಕಂತಲ್ಲಿ ತಗೊಂಡೋರು ಬೆವರಿದ್ದು ಆಗ.

ಈಗ ಪಿಚ್ ವಿಷಯ. ನಾವು ಪ್ರತಿ ಆಗಸ್ಟ್ ಹೋಗೋ ವೇಲ್ಸ್‌ನ ಪೆಂಬ್ರೋಕ್‌ಶೈರ್‌ನ ಸೈಟಲ್ಲಿ 2021ರಲ್ಲಿ ರಾತ್ರಿಗೆ 29 ಇತ್ತು, 2025ರಲ್ಲಿ 41. ಸೈಟ್‌ನವರು ಸುಲಿಗೆ ಮಾಡ್ತಿದಾರೆ ಅಂತ ಬೈಯೋದು ಸುಲಭ, ನಾನೂ ಬೈದಿದೀನಿ, ಆದ್ರೆ ಬಿಡಿಸಿ ನೋಡಿದ್ರೆ ಬೇರೆ ಕಾಣತ್ತೆ. ಆ 29ರಲ್ಲಿ 5% ವ್ಯಾಟ್ ತೆಗೆದು ಮತ್ತೆ 20% ಹಾಕಿದ್ರೆ ಬೇರೇನೂ ಏರದೇ ಇದ್ರೂ 33 ದಾಟತ್ತೆ. ಅಂದ್ರೆ ಏರಿದ 12 ಪೌಂಡಲ್ಲಿ ನಾಲ್ಕು ಪೌಂಡ್ ಬರೀ ಹಳೇ ತೆರಿಗೆ ವಾಪಸ್ ಬಂದಿದ್ದು. ಉಳಿದಿದ್ದಕ್ಕೆ ಸಂಬಳ ನೋಡಿ. ವಯಸ್ಕರ ಕನಿಷ್ಠ ಕೂಲಿ 2021ರ ಏಪ್ರಿಲ್‌ನಲ್ಲಿ ಗಂಟೆಗೆ 8.91 ಪೌಂಡ್, 2025ರ ಏಪ್ರಿಲ್‌ನಲ್ಲಿ 12.21, ಅಂದ್ರೆ 37% ಏರಿಕೆ. ಅದೇ ಏಪ್ರಿಲ್‌ನಲ್ಲಿ ಕೆಲಸದೋರ ಸಂಬಳದ ಮೇಲೆ ಮಾಲೀಕರು ಕಟ್ಟೋ ನ್ಯಾಷನಲ್ ಇನ್ಶೂರೆನ್ಸ್ ತೆರಿಗೆ 13.8% ಇಂದ 15% ಆಯ್ತು. ಹುಲ್ಲು ಕತ್ತರಿಸೋರು, ಬಾತ್‌ರೂಮ್ ಬ್ಲಾಕ್ ತೊಳೆಯೋರು, ಗೇಟಲ್ಲಿ ಕೂರೋ ವಾರ್ಡನ್, ಎಲ್ಲರೂ ಮನುಷ್ಯರೇ ತಾನೆ, ಈ ಕೆಲಸ ಕಂಪ್ಯೂಟರ್ ಮಾಡಲ್ಲ.

ಕರೆಂಟು ಇನ್ನೊಂದು. ಪಿಚ್ ಪಕ್ಕ ಒಂದು ಕಂಬ ಇರತ್ತೆ, ಅದಕ್ಕೆ ನೀಲಿ ಬಣ್ಣದ 16 ಆಂಪ್ ಪ್ಲಗ್ ಸಿಕ್ಕಿಸಿದ್ರೆ ಹೀಟರ್, ಕೆಟಲ್ ಎಲ್ಲ ಓಡತ್ತೆ. ಮೊದಲು ಎಷ್ಟು ಬಳಸಿದ್ರೂ ಬಾಡಿಗೆಯಲ್ಲೇ ಸೇರಿರೋದು, ಜನ ರಾತ್ರಿಯಿಡೀ ಆನಿಂಗ್‌ನಲ್ಲಿ ಫ್ಯಾನ್ ಹೀಟರ್ ಹಾಕ್ಕೊಂಡು ಬಿಯರ್ ಕುಡೀತಾ ಕೂರೋರು. 2022ರ ಎನರ್ಜಿ ಕ್ರೈಸಿಸ್ ಆದ್ಮೇಲೆ ತುಂಬಾ ಸೈಟ್‌ಗಳು ಮೀಟರ್ ಹಾಕಿಬಿಟ್ವು. ಇದರಲ್ಲಿ ನಂಗೆ ಬೇಜಾರಿಲ್ಲ, ಬಳಸಿದೋನು ಕೊಡ್ಲಿ. ಮೀಟರಲ್ಲಿ ಮಾರೋ ಕರೆಂಟಿಗೆ ಸೈಟ್‌ನವನು ತಾನು ಕೊಟ್ಟ ಯೂನಿಟ್ ರೇಟಿಗಿಂತ ಜಾಸ್ತಿ ತಗೊಳೋ ಹಾಗಿಲ್ಲ ಅಂತ ಇಲ್ಲಿನ ವಿದ್ಯುತ್ ನಿಯಂತ್ರಕ ಆಫ್‌ಜೆಮ್‌ನ ನಿಯಮಾನೂ ಇದೆ, ಅನುಮಾನ ಬಂದ್ರೆ ಕೇಳಿ.

ಇದರ ಹಿಂದೆ ಇನ್ನೊಂದು ನಿಧಾನದ ಬದಲಾವಣೆ ನಡೀತಿದೆ. ಸೈಟ್ ಮಾಲೀಕನ ಕುರ್ಚೀಲಿ ಕೂತು ಯೋಚನೆ ಮಾಡಿ. ಟೂರಿಂಗ್ ಪಿಚ್ ಅಂದ್ರೆ ಮಳೆ ಬಂದ್ರೆ ಕ್ಯಾನ್ಸಲ್, ಚಳಿಗಾಲಕ್ಕೆ ಖಾಲಿ. ಅದೇ ಜಾಗದಲ್ಲಿ ಒಂದು ಸ್ಟ್ಯಾಟಿಕ್ಕೋ ಲಾಡ್ಜೋ ಗ್ಲ್ಯಾಂಪಿಂಗ್ ಪಾಡೋ ಕೂರಿಸಿದ್ರೆ ಮಾರಾಟದಲ್ಲಿ ಲಾಭ, ಆಮೇಲೆ ವರ್ಷವರ್ಷ ಜಾಗದ ಬಾಡಿಗೆ ಖಾತ್ರಿ. ಅದಕ್ಕೇ ಕಡಲತೀರದ ದೊಡ್ಡ ಪಾರ್ಕ್‌ಗಳಲ್ಲಿ ಟೂರರ್‌ಗಳಿಗೆ, ಅಂದ್ರೆ ನಮ್ಮಂಥ ಎಳೆಯೋ ಕ್ಯಾರವಾನ್‌ಗಳಿಗೆ, ಬಿಟ್ಟ ಜಾಗ ಕಡಿಮೆ ಆಗ್ತಾ ಬಂದಿದೆ. ತೆರಿಗೆ ನೋಡಿದ್ರೂ ಹಂಗೇ, ಏಳು ಮೀಟರ್‌ಗಿಂತ ಉದ್ದದ ಸ್ಟ್ಯಾಟಿಕ್‌ಗೆ ಸಾಮಾನ್ಯವಾಗಿ 5% ವ್ಯಾಟ್, ರಸ್ತೆ ಮೇಲೆ ಎಳೆಯೋ ಟೂರರ್‌ಗೆ ಪೂರ್ತಿ 20%. 2012ರಲ್ಲಿ ಸ್ಟ್ಯಾಟಿಕ್‌ಗೂ 20% ಹಾಕ್ತೀವಿ ಅಂತ ಬಜೆಟ್‌ನಲ್ಲಿ ಹೇಳಿದ್ರು, ಹಲ್ ಕಡೆ ಕೆಲಸ ಹೋಗತ್ತೆ ಅಂತ ಗಲಾಟೆ ಆಗಿ 5%ಗೆ ಇಳಿದ್ರು. ಟೂರರ್ ಪರ ಗಲಾಟೆ ಮಾಡೋರು ಯಾರೂ ಇಲ್ಲ. 25,000 ಪೌಂಡಿನ ಹೊಸ ಟೂರರ್ ತಗೊಂಡ್ರೆ ಅದರಲ್ಲಿ ಆರನೇ ಒಂದು ಪಾಲು, 4,000ಕ್ಕೂ ಮೇಲೆ, ತೆರಿಗೇನೇ.

ತಮಾಷೆ ಅಂದ್ರೆ 2023ರ ಜುಲೈನಲ್ಲಿ ಇಂಗ್ಲೆಂಡ್ ಸರ್ಕಾರ ಒಂದು ರೂಲ್ ತಂತು. ರೈತರು ಪ್ಲಾನಿಂಗ್ ಪರ್ಮಿಷನ್‌ಗೆ ಅರ್ಜಿ ಹಾಕದೆ ವರ್ಷಕ್ಕೆ 60 ದಿನ, 50 ಪಿಚ್ ತನಕ ಕ್ಯಾಂಪ್‌ಸೈಟ್ ನಡೆಸಬಹುದು. ಒಳ್ಳೇದಾಯ್ತು, ಹೊಸ ಜಾಗ ಸಿಗತ್ತೆ ಅಂತ ಓದ್ತಾ ಹೋದ್ರೆ, ಟೆಂಟ್‌ಗೆ ಉಂಟು, ಕ್ಯಾಂಪರ್‌ವ್ಯಾನ್‌ಗೆ ಉಂಟು, ಎಳೆಯೋ ಕ್ಯಾರವಾನ್‌ಗೆ ಇಲ್ಲ!

ಡ್ಯಾಂಪ್, ಅಂದ್ರೆ ಗೋಡೆಯೊಳಗೆ ಸೇರೋ ತೇವದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಹೊಸಬರು ಮುಳುಗೋದು ಇಲ್ಲೇ. ಹಳೇ ಕ್ಯಾರವಾನ್ ಗೋಡೆ ಅಂದ್ರೆ ಹೊರಗೆ ತೆಳು ಅಲ್ಯೂಮಿನಿಯಂ, ಒಳಗೆ ಮರದ ಚೌಕಟ್ಟು, ಮಧ್ಯೆ ಥರ್ಮೋಕೋಲ್, ಈಚೆ ಕಡೆ ತೆಳು ಪ್ಲೈವುಡ್. ಜೋಡಿಸಿದ ಕಡೆಯೆಲ್ಲ ಸೀಲಂಟ್ ತುಂಬಿರ್ತಾರೆ, ಅದು ಹತ್ತು ವರ್ಷಕ್ಕೆ ಒಣಗಿ ಬಿರುಕು ಬಿಡತ್ತೆ, ಅಲ್ಲಿಂದ ಮಳೆನೀರು ಕಳ್ಳನ ಥರ ಒಳಗೆ ಇಳಿಯತ್ತೆ. ಹೊರಗಿಂದ ಏನೂ ಕಾಣಲ್ಲ. 2023ರ ಸರ್ವಿಸ್‌ನಲ್ಲಿ ಮೆಕ್ಯಾನಿಕ್ ನನ್ನನ್ನ ಒಳಗೆ ಕರೆದ, ಕೈಯಲ್ಲಿ ಎರಡು ಮುಳ್ಳಿನ ಪುಟ್ಟ ಮೀಟರ್, ಮುಂದಿನ ಕಿಟಕಿ ಕೆಳಗೆ ಎಡ ಮೂಲೇಲಿ ಒತ್ತಿದ, 28% ತೇವ ತೋರಿಸ್ತು. 15ರೊಳಗಿದ್ರೆ ನೆಮ್ಮದಿ, 20 ದಾಟಿದ್ರೆ ನೋಡ್ಲೇಬೇಕು ಅಂತ ಲೆಕ್ಕ. "ಇಲ್ಲಿ ಬೆರಳಿಟ್ಟು ನೋಡು" ಅಂದ. ಇಟ್ಟೆ, ವಾಲ್‌ಪೇಪರ್ ಹಿಂದೆ ಗೋಡೆ ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟ ಹಪ್ಪಳದ ಥರ ಮೆತ್ತಗೆ ಒಳಗೆ ಹೋಯ್ತು. ಆ ಮೂಲೆ ಬಿಚ್ಚಿ ಕೊಳೆತ ಮರ ತೆಗೆದು ಹೊಸದು ಹಾಕೋಕೆ 1,400 ಪೌಂಡ್ ಬಿಲ್. ಮೇಲಿನ ಲೆಕ್ಕದಲ್ಲಿ ಇದನ್ನ ಸೇರಿಸಿಲ್ಲ, ಸೇರಿಸಿದ್ರೆ ಹೆಂಡತಿ ಹತ್ರ ಬೈಸ್ಕೊಳ್ಳೋದು ಗ್ಯಾರಂಟಿ. ನಂಗೆ ಮಾರಿದ ಡೀಲರ್ ಡ್ಯಾಂಪ್ ಟೆಸ್ಟ್ ಆಗಿದೆ ಅಂತ ಬಾಯಲ್ಲಿ ಹೇಳಿದ್ದ, ರಿಪೋರ್ಟ್ ಕಾಗದ ಕೇಳೋಕೆ ನಂಗೆ ತೋಚಲಿಲ್ಲ. ಕೇಳಿ, ಪ್ಲೀಸ್. ಮರವೇ ಇಲ್ಲದ ಅಥವಾ ಕಡಿಮೆ ಮರದ ಗೋಡೆಗಳು ಬಂದಿವೆ, ಬೈಲಿಯವರ ಅಲು-ಟೆಕ್ 2010ರ ಸುಮಾರಿಂದ ಇದೆ, ಆ ಥರದ್ದು ಸಿಕ್ರೆ ನೋಡಿ, ಬೆಲೆ ಸ್ವಲ್ಪ ಜಾಸ್ತಿ ಇರತ್ತೆ.

ಸರ್ವಿಸ್ ಬೆಲೆ ಏರಿದ್ದಕ್ಕೆ ಕಾರಣ ಸರಳ, ಕೆಲಸ ಗೊತ್ತಿರೋರು ಕಡಿಮೆ, ಗಾಡಿ ಜಾಸ್ತಿ. ನಮ್ಮ ಮೆಕ್ಯಾನಿಕ್ ಹತ್ರ ಡೇಟ್ ಸಿಗಬೇಕಂದ್ರೆ ಜನವರಿಯಲ್ಲೇ ಫೋನ್ ಮಾಡ್ಬೇಕು. ಕಾನೂನು ಪ್ರಕಾರ ಕ್ಯಾರವಾನ್‌ಗೆ ಎಂಒಟಿ, ಅಂದ್ರೆ ಕಾರಿಗೆ ವರ್ಷವರ್ಷ ಮಾಡಿಸೋ ಫಿಟ್ನೆಸ್ ಟೆಸ್ಟ್, ಬೇಡ, ರೋಡ್ ಟ್ಯಾಕ್ಸ್ ಬೇಡ, ಪ್ರತ್ಯೇಕ ಇನ್ಶೂರೆನ್ಸ್ ಕೂಡ ಕಡ್ಡಾಯ ಅಲ್ಲ. ಇದನ್ನೇ ಮಾರೋರು ಚೀಪ್ ಅಂತ ತೋರಿಸೋದು. ಆದ್ರೆ ಟೈರ್‌ಗಳು ಸವೆಯದೇ ಇದ್ರೂ ಐದರಿಂದ ಏಳು ವರ್ಷದೊಳಗೆ ಬದಲಾಯಿಸಲೇಬೇಕು, ನಿಂತಲ್ಲೇ ನಿಂತು ರಬ್ಬರ್ ಬಿರುಕು ಬಿಡತ್ತೆ. ಇನ್ಶೂರೆನ್ಸ್ ಇಲ್ಲದೆ ಬಿಡೋಕೆ ಧೈರ್ಯ ಬರಲ್ಲ, ಇದು ಕೊಂಡಿ ಹಾಕಿ ಎಳ್ಕೊಂಡು ಹೋಗಿಬಿಡಬಹುದಾದ ಮನೆ, ಕಳ್ಳರಿಗೆ ಕೀ ಕೂಡ ಬೇಡ. ಇನ್ಶೂರೆನ್ಸ್‌ನವರು ಚಕ್ರಕ್ಕೆ ಲಾಕ್, ಕೊಂಡಿಗೆ ಲಾಕ್, ಕಾಸೋವಾ ಅನ್ನೋ ಸ್ಟೋರೇಜ್ ಮಾಲೀಕರ ಸಂಘದ ಗೋಲ್ಡ್ ದರ್ಜೆ ಸ್ಟೋರೇಜ್ ಇದ್ರೆ ಕಡಿಮೆ ಮಾಡ್ತೀವಿ ಅಂತಾರೆ, ಅಲ್ಲಿ ಉಳಿದಿದ್ದು ಗೋಲ್ಡ್ ಸ್ಟೋರೇಜ್ ಬಾಡಿಗೆಗೆ ಹೋಗತ್ತೆ. ಪ್ರೀಮಿಯಂ ಮೇಲೆ 12% ತೆರಿಗೆ ಬೇರೆ. ಮನೆ ಮುಂದೆ ನಿಲ್ಲಿಸೋಣ ಅಂದ್ರೆ, ನಮ್ಮ ಥರ ಹೊಸ ಬಡಾವಣೇಲಿ ಮನೆ ತಗೊಂಡೋರ ಕ್ರಯಪತ್ರದಲ್ಲೇ ಬರೆದಿರತ್ತೆ, ಕ್ಯಾರವಾನ್ ನಿಲ್ಲಿಸೋ ಹಾಗಿಲ್ಲ ಅಂತ. ಅಲ್ಲಿಗೆ ಸ್ಟೋರೇಜ್‌ನವನು ಹೇಳಿದ್ದೇ ರೇಟು.

ಎಳೆಯೋ ಕಾರಿನದ್ದು ಬೇರೇನೇ ರಾಮಾಯಣ. ಹೊಸಬರಿಗೆ ಇಲ್ಲಿ ಹೇಳೋ ನಿಯಮ, ಕ್ಯಾರವಾನ್ ತೂಕ ಕಾರಿನ ಖಾಲಿ ತೂಕದ 85% ದಾಟಬಾರದು. ನನ್ನ ಹಳೇ ಡೀಸೆಲ್ ಎಸ್ಟೇಟ್ ಕಾರು 1,550 ಕೆಜಿ, ಹಾಗಾಗಿ 1,250ರ ಗಾಡಿ ಆರಾಮಾಗಿ ಎಳೆಯತ್ತೆ. ಈ ಕಾರು ಸತ್ರೆ ಮುಂದೇನು ಅನ್ನೋದೇ ಭಯ. ಡೀಸೆಲ್ ಹೊಸ ಕಾರು ಸಿಗೋದೇ ಅಪರೂಪ ಆಗ್ತಿದೆ, ಕಂಪನಿಗಳು ಮಾರೋದ್ರಲ್ಲಿ 2025ಕ್ಕೆ 28%, 2030ಕ್ಕೆ 80% ಎಲೆಕ್ಟ್ರಿಕ್ ಇರಬೇಕು ಅಂತ ಸರ್ಕಾರದ ಗುರಿ. ಎಲೆಕ್ಟ್ರಿಕ್‌ನಲ್ಲಿ ನಿಸ್ಸಾನ್ ಲೀಫ್ ಥರದ ಹಳೇ ಚಿಕ್ಕ ಕಾರುಗಳಿಗೆ ಎಳೆಯೋ ಅನುಮತೀನೇ ಇಲ್ಲ, ಟೆಸ್ಲಾ ಮಾಡೆಲ್ ವೈ 1,600 ಕೆಜಿ ಎಳೆಯತ್ತೆ, ಆದ್ರೆ ಕ್ಯಾರವಾನ್ ಕಟ್ಟಿದ್ರೆ ರೇಂಜ್ ಹೆಚ್ಚುಕಡಿಮೆ ಅರ್ಧ ಆಗತ್ತೆ, ಚಾರ್ಜರ್ ಇರೋ ಜಾಗ ಬಹುತೇಕ ಕಾರು ಮೂತಿ ತೂರಿಸಿ ನಿಲ್ಲಿಸೋ ಥರ, ಹಿಂದೆ ಆರೇಳು ಮೀಟರ್ ಬಾಲ ಇದ್ರೆ ಸರ್ವಿಸ್ ಸ್ಟೇಷನ್‌ನಲ್ಲಿ ಕೊಂಡಿ ಬಿಚ್ಚಿ ಕ್ಯಾರವಾನ್ ಎಲ್ಲೋ ನಿಲ್ಲಿಸಿ ಚಾರ್ಜ್ ಮಾಡಿ ಮತ್ತೆ ಕಟ್ಬೇಕು. ಮನೇಲಿ ಚಾರ್ಜ್ ಮಾಡಿದ್ರೆ ಕರೆಂಟಿಗೆ 5% ವ್ಯಾಟ್, ದಾರೀಲಿ ಮಾಡಿದ್ರೆ 20%. ಸರಿ, ದೊಡ್ಡ ಹೈಬ್ರಿಡ್ ಎಸ್‌ಯುವಿ ತಗೊಳೋಣ ಅಂದ್ರೆ ಅದರ ಬೆಲೆ ಸಲೀಸಾಗಿ 40,000 ಪೌಂಡ್ ದಾಟತ್ತೆ, ಆ ಗೆರೆ ದಾಟಿದ್ರೆ ಎರಡನೇ ವರ್ಷದಿಂದ ಐದು ವರ್ಷ ರೋಡ್ ಟ್ಯಾಕ್ಸ್ ಜೊತೆ ಹೆಚ್ಚುವರಿ, 2025ರ ದರದಲ್ಲಿ ವರ್ಷಕ್ಕೆ 425. 2025ರ ರೇಟಲ್ಲಿ ಲೀಟರ್‌ಗೆ 1.42 ಪೌಂಡ್ ಡೀಸೆಲ್ ಹಾಕಿ ಕವೆಂಟ್ರಿಯಿಂದ ಪೆಂಬ್ರೋಕ್‌ಶೈರ್‌ಗೆ ಹೋಗಿಬರೋ ಸುಮಾರು 380 ಮೈಲಿಗೆ ಬರೀ ಕಾರಾದ್ರೆ 55 ಪೌಂಡ್, ಕ್ಯಾರವಾನ್ ಕಟ್ಟಿದ್ರೆ 94. ನಿಜ ಹೇಳ್ಬೇಕಂದ್ರೆ ಎಲ್ಲರೂ ಗೊಣಗೋ ಈ ಡೀಸೆಲ್ ಖರ್ಚು ಒಟ್ಟು ಲೆಕ್ಕದಲ್ಲಿ ಲೆಕ್ಕಕ್ಕೇ ಇಲ್ಲ.

ಹಾಗಾದ್ರೆ ಎಷ್ಟು ರಾತ್ರಿ ಮಲಗಿದ್ರೆ ಗಿಟ್ಟತ್ತೆ? ನಾಲ್ಕು ಜನಕ್ಕೆ ಅಡುಗೆಮನೆ ಇರೋ ಕಾಟೇಜ್ ಆಗಸ್ಟಲ್ಲಿ ನಾನು ವಿಚಾರಿಸಿದ ಕಡೆ ರಾತ್ರಿಗೆ 150 ಆಸುಪಾಸು. ಕ್ಯಾರವಾನ್‌ಗೆ ಪಿಚ್ 38, ಹೆಚ್ಚುವರಿ ಡೀಸೆಲ್ ರಾತ್ರಿಗೆ ಹಂಚಿದ್ರೆ 8, ಒಟ್ಟು 46. ಅಲ್ಲಿಗೆ ರಾತ್ರಿಗೆ ಉಳಿಯೋದು 104. ನಿಂತಲ್ಲೇ ತಿನ್ನೋ 2,455 ತುಂಬಬೇಕಂದ್ರೆ 24 ರಾತ್ರಿ ಬೇಕು. ಸೀಸನ್ ಅಲ್ಲದ ಟೈಮಲ್ಲಿ ಕಾಟೇಜ್ 95ಕ್ಕೂ ಸಿಗತ್ತೆ, ಪಿಚ್ 22 ಅಂತ ಇಟ್ಕೊಂಡ್ರೂ ಆಗ 38 ರಾತ್ರಿ ಬೇಕು.

24 ರಾತ್ರಿ ಏನು ಮಹಾ ಅನ್ಸತ್ತೆ. ನಂಗೆ ಆಫೀಸಲ್ಲಿ ವರ್ಷಕ್ಕೆ 25 ದಿನ ರಜೆ. ಅದರಲ್ಲಿ ಊರಿಗೆ ಹೋದ್ರೆ 15 ದಿನ ಹೋಯ್ತು, ಎರಡು ವರ್ಷಕ್ಕೊಂದ್ಸಲನಾದ್ರೂ ಹೋಗ್ಲೇಬೇಕಲ್ಲ, ಮದುವೆ ಮುಂಜಿ ಇದ್ರೆ ಪ್ರತಿ ವರ್ಷ. ಇಲ್ಲಿರೋ ನಮ್ಮ ಕನ್ನಡದ ಫ್ಯಾಮಿಲಿಗಳು ಸುಮಾರು ಜನ ಆಸೆಪಟ್ಟು ಕ್ಯಾರವಾನ್ ತಗೊಂಡು ಮೂರನೇ ವರ್ಷಕ್ಕೆ ಮಾರೋದು ಇದಕ್ಕೇನೇ, ರಜೆ ಒಂದೇ, ಎಳೆಯೋ ಕಡೆ ಎರಡು. ಮಗಳ ಸ್ಕೂಲ್ ಇರೋವಾಗ ಹೋಗೋಣ ಅಂದ್ರೆ 2024ರ ಆಗಸ್ಟಿಂದ ಇಂಗ್ಲೆಂಡಲ್ಲಿ ಅನುಮತಿ ಇಲ್ಲದ ಗೈರುಹಾಜರಿಗೆ ಫೈನ್ 60ರಿಂದ 80 ಪೌಂಡ್ ಆಗಿದೆ, ಒಂದು ಮಗುವಿಗೆ ಅಪ್ಪಂಗೊಂದು ಅಮ್ಮಂಗೊಂದು, 21 ದಿನದೊಳಗೆ ಕಟ್ಟದಿದ್ರೆ ಡಬಲ್. ಹಾಗಾಗಿ ನಮ್ಮಂಥೋರಿಗೆ ಉಳಿಯೋದು ಪಿಚ್ ರೇಟ್ ನೆತ್ತಿ ಮೇಲಿರೋ ಬೇಸಿಗೆ ರಜೆಯ ಆರು ವಾರ ಮತ್ತು ನಡುವೆ ನಾಲ್ಕು ವೀಕೆಂಡು.

ಸ್ಟೋರೇಜ್‌ನಲ್ಲಿ ನಮ್ಮ ಪಕ್ಕದ ಜಾಗದ ಅಜ್ಜ ಅಜ್ಜಿ ಇದಾರೆ, ರಿಟೈರ್ಡ್. ಮಾರ್ಚಲ್ಲಿ ಹೊರಟ್ರೆ ಅಕ್ಟೋಬರ್ ತನಕ ಬರ್ತಾ ಹೋಗ್ತಾ ಇರ್ತಾರೆ, 90 ರಾತ್ರಿ ಆಗತ್ತಂತೆ. ಅವರಿಗೂ ನನ್ನಷ್ಟೇ ಖರ್ಚು ಅಂತ ಇಟ್ಕೊಂಡ್ರೆ ರಾತ್ರಿಗೆ 27 ಪೌಂಡ್ ಬೀಳತ್ತೆ. ಮೇಲೆ ಅವರು ದೊಡ್ಡ ಸೈಟಿಗೆ ಹೋಗೋದೇ ಇಲ್ಲ, ಐದು ಕ್ಯಾರವಾನ್ ಮಾತ್ರ ನಿಲ್ಲಿಸೋ ಪುಟ್ಟ ಜಾಗಗಳಿಗೆ ಹೋಗ್ತಾರೆ. 1960ರ ಕ್ಯಾರವಾನ್ ಸೈಟ್ ಕಾಯ್ದೇಲಿ ಮಾನ್ಯತೆ ಪಡೆದ ಕ್ಲಬ್‌ಗಳಿಗೆ ಒಂದು ವಿನಾಯಿತಿ ಇದೆ, ಅವರ ಸರ್ಟಿಫಿಕೇಟ್ ಇದ್ರೆ ರೈತ ಐದು ಗಾಡಿ ತನಕ ನಿಲ್ಲಿಸ್ಕೊಬಹುದು, ಲೈಸೆನ್ಸ್ ಬೇಡ. ಇಂಥ ಜಾಗಕ್ಕೆ ಸಿಎಲ್, ಸರ್ಟಿಫಿಕೇಟೆಡ್ ಲೊಕೇಶನ್ ಅಂತಾರೆ. ಅವರು ಹೇಳಿದ್ಮೇಲೆ ಈ ವರ್ಷ ಮೇನಲ್ಲಿ ನಾವೂ ಶ್ರಾಪ್‌ಶೈರ್‌ನ ಒಂದು ಸಿಎಲ್‌ಗೆ ಹೋದ್ವಿ, ರಾತ್ರಿಗೆ 18 ಪೌಂಡ್. ಒಂದು ಗದ್ದೆ, ಒಂದು ನಲ್ಲಿ, ಟಾಯ್ಲೆಟ್ ಕ್ಯಾಸೆಟ್ ಸುರಿಯೋಕೆ ಗುಂಡಿ, ಮೂರು ಕೋಳಿ, ಗೇಟ್ ಪಕ್ಕ ದುಡ್ಡು ಹಾಕೋ ಡಬ್ಬಿ, ಅಷ್ಟೇ. ಬಾತ್‌ರೂಮ್ ಬ್ಲಾಕ್ ಇಲ್ಲ, ಮಕ್ಕಳ ಪಾರ್ಕ್ ಇಲ್ಲ, ವೈಫೈ ಅಂತೂ ಕೇಳ್ಲೇಬೇಡಿ. ಮಗಳು ಮೊದಲ ದಿನ ಮುಖ ಊದಿಸ್ಕೊಂಡಿದ್ಳು, ಎರಡನೇ ದಿನ ಕೋಳಿಗಳಿಗೆ ಹೆಸರಿಟ್ಟಿದ್ಳು. ಖರ್ಚು ಇಳಿಸೋ ದಾರೀಲಿ ನಾನು ಕಣ್ಣುಮುಚ್ಚಿ ಹೇಳೋದು ಇದೊಂದೇ. ಒಂದೇ ಸೈಟಲ್ಲಿ ಸೀಸನ್ ಪೂರ್ತಿ ಬಿಟ್ಟುಬಿಡೋ ಸೀಸನಲ್ ಪಿಚ್ ಇದೆ, ಎಳೆಯೋ ಗೋಳು ತಪ್ಪತ್ತೆ, ಆ ತಿಂಗಳುಗಳ ಸ್ಟೋರೇಜೂ ಉಳಿಯತ್ತೆ, ಆದ್ರೆ ಪ್ರತಿ ಸಲ ಅದೇ ಬೆಟ್ಟ ಅದೇ ಬೀಚು. ಇಬ್ಬರು ಸ್ನೇಹಿತರು ಸೇರಿ ಒಂದು ಕ್ಯಾರವಾನ್ ಇಟ್ಕೊಳ್ಳೋದು ಕಾಗದದ ಮೇಲೆ ಚೆನ್ನಾಗಿದೆ, ಆಗಸ್ಟ್ ಮೊದಲ ವಾರ ಯಾರಿಗೆ ಅನ್ನೋದ್ರಲ್ಲೇ ಸ್ನೇಹ ಹೋಗತ್ತೆ, ನೋಡಿದೀನಿ.

ಮುಂದೆ ಇಳಿಯತ್ತಾ ಅಂದ್ರೆ, ಸೆಕೆಂಡ್ ಹ್ಯಾಂಡ್ ಬೆಲೆ ಇಳಿದಿದೆ, ಕೊಳ್ಳೋರಿಗೆ ಈಗ ಚೌಕಾಸಿ ಮಾಡೋ ಟೈಮು. ಆದ್ರೆ ಕೊಳ್ಳೋ ಬೆಲೆ ಇಳಿದ್ರೂ ಸಾಕೋ ಬೆಲೆ ಇಳಿಯೋ ಲಕ್ಷಣ ಇಲ್ಲ. ವೇಲ್ಸ್‌ನಲ್ಲಿ 2027ರಿಂದ ಕೌನ್ಸಿಲ್‌ಗಳು ಬೇಕಾದ್ರೆ ವಿಸಿಟರ್ ತೆರಿಗೆ ಹಾಕಬಹುದು, ಕ್ಯಾಂಪ್‌ಸೈಟ್ ಪಿಚ್‌ಗೆ ದೊಡ್ಡೋರ ತಲೆಗೆ ರಾತ್ರಿಗೆ 75 ಪೆನ್ಸ್. ಅದು ದೊಡ್ಡ ಮೊತ್ತ ಅಲ್ಲ, ಅದಕ್ಕಾಗಿ ಯಾರೂ ಗಾಡಿ ಮಾರಲ್ಲ. ಮಾರೋದು ಸ್ಟೋರೇಜ್ ರಿನ್ಯೂವಲ್ ಬಂದ ದಿನ. 90 ರಾತ್ರಿ ಮಲಗೋರ ಕೈಗೆ ಗಾಡಿ ಹೋಗ್ತಾ ಇದೆ, 19 ರಾತ್ರಿಯೋರು ಇಳ್ಕೊಳ್ತಾ ಇದಾರೆ. ಮಕ್ಕಳಿರೋ, ಇಬ್ಬರೂ ದುಡಿಯೋ ಮನೆಗಳಿಗೆ ಅಂತ ಬೆಳೆದ ರಜೆ ಈಗ ಮನೆ ಸಾಲ ತೀರಿಸಿ ಪೆನ್ಷನ್ ತಗೊಳೋರದ್ದಾಗ್ತಿದೆ. ನಮ್ಮ ಸ್ಟೋರೇಜ್‌ನ ಸಾಲಲ್ಲಿ ನಲವತ್ತು ವಯಸ್ಸಿನೋರು 2021ರಲ್ಲಿ ಆರೇಳು ಜನ ಇದ್ವಿ, ಈಗ ನಾನೊಬ್ಬ, ಇನ್ನೊಬ್ಬ ಗುಜರಾತಿ ಫಾರ್ಮಸಿಸ್ಟು.

ಎಕ್ಸೆಲ್ ಮುಚ್ಚಿದ ಮಾರನೇ ದಿನ ಫೋಟೋ ತೆಗೆದು 7,200ಕ್ಕೆ ಆ್ಯಡ್ ಹಾಕ್ದೆ, ಆನಿಂಗ್ ಫ್ರೀ ಅಂತ. ಅದೇ ಸಂಜೆ ಅಮ್ಮ ಮೈಸೂರಿಂದ ವಿಡಿಯೋ ಕಾಲ್ ಮಾಡಿ ಮೇ ತಿಂಗಳಿಗೆ ಟಿಕೆಟ್ ನೋಡು, ಆ ಬಸವನಹುಳು ಮನೆ ಇದ್ಯಲ್ಲ ಅಂದ್ರು. ಇದೆ ಅಂದೆ. ಫೋನ್ ಇಟ್ಟು ನೋಡಿದ್ರೆ ಆ್ಯಡ್‌ಗೆ ಮೊದಲ ಮೆಸೇಜ್ ಬಂದಿತ್ತು, ಡ್ಯಾಂಪ್ ರಿಪೋರ್ಟ್ ಕಾಗದ ಇದ್ಯಾ ಅಂತ.